ಸ್ಕಸಿ ಸರಣಿಯ ಎರಡು ತುದಿ: ಟರ್ಮಿನೇಟರ್ ಎಲ್ಲಿ ಇರಬೇಕು, ಎಲ್ಲಿ ಇರಬಾರದು

ಮೈಸೂರು, ಮಂಡ್ಯ ಕಡೆಯ ಹಳೇ ಪ್ರಿಂಟಿಂಗ್ ಪ್ರೆಸ್ಸು, ಡಿಟಿಪಿ ಅಂಗಡಿಗಳ ಅಟ್ಟ ಹುಡುಕಿದರೆ 50 ಪಿನ್ನಿನ ಹಾರ್ಡ್ ಡಿಸ್ಕ್ ಒಂದಾದರೂ ಸಿಕ್ಕೀತು. 1990ರ ದಶಕದ ಮ್ಯಾಕಿಂಟಾಷ್‌ಗಳಿಂದಲೋ ಸರ್ವರ್‌ಗಳಿಂದಲೋ ಬಿಚ್ಚಿಟ್ಟ ಸ್ಕಸಿ ಡ್ರೈವ್‌ಗಳು ಅವು. ಸ್ಕಸಿ (SCSI) ಅಂದರೆ ಡಿಸ್ಕ್, ಸ್ಕ್ಯಾನರ್ ಮುಂತಾದ ಸಾಧನಗಳನ್ನು ಒಂದೇ ಸಾಲಿನ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸುವ ಹಳೇ ಪದ್ಧತಿ. ಲಗ್ನಪತ್ರಿಕೆಯಿಂದ ಹಿಡಿದು ಊರಿನ ಸ್ಮರಣ ಸಂಚಿಕೆಯವರೆಗೆ, ಯೂನಿಕೋಡ್ ಬರುವ ಮುಂಚಿನ ಎಷ್ಟೋ ಕನ್ನಡ ಕಡತಗಳು ಅವುಗಳಲ್ಲೇ ಉಳಿದಿವೆ. ಹಾಗೆ ಸಿಕ್ಕಿದ ಡ್ರೈವನ್ನು ಹಳೇ ಪಿಸಿಗೆ ಸಿಕ್ಕಿಸಿ ನೋಡುತ್ತಾರೆ, ಡಿಸ್ಕ್ ಕಾಣುವುದಿಲ್ಲ, ಇಲ್ಲವೇ ಕಂಡು ಅರ್ಧಕ್ಕೆ ನಿಂತುಹೋಗುತ್ತದೆ. ಸತ್ತುಹೋಗಿದೆ ಎಂದು ಗುಜರಿಗೆ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಡಿಸ್ಕ್ ಸರಿಯಾಗಿದ್ದು ಟರ್ಮಿನೇಶನ್ (ಕೇಬಲ್‌ನ ತುದಿಗಳಲ್ಲಿ ಟರ್ಮಿನೇಟರ್ ಎಂಬ ರೆಸಿಸ್ಟರ್‌ಗಳ ಗುಂಪನ್ನು ಕೂರಿಸುವುದು) ತಪ್ಪಿದ್ದರೂ ಇದೇ ಲಕ್ಷಣಗಳು ಕಾಣುತ್ತವೆ. ಅದನ್ನು ಸರಿಪಡಿಸಲು ಬೇಕಾದದ್ದು ಒಂದು ಮಲ್ಟಿಮೀಟರ್, ಒಂದು ಸಣ್ಣ ಸ್ಕ್ರೂಡ್ರೈವರ್, ಅರ್ಧ ಗಂಟೆ ತಾಳ್ಮೆ.

ಟರ್ಮಿನೇಟರ್ ಮಾಡುವ ಕೆಲಸ

ವಿ.ಸಿ. ನಾಲೆಯ ಬಯಲಿನವರಿಗೆ ಇದನ್ನು ಹೇಳುವುದು ಸುಲಭ. ತೂಬು ಎತ್ತಿದಾಗ ಕಾಲುವೆಯಲ್ಲಿ ಒಂದು ಅಲೆ ಮುಂದಕ್ಕೆ ಓಡುತ್ತದೆ. ಕೊನೆಯಲ್ಲಿ ಹಲಗೆ ಅಡ್ಡ ಇಟ್ಟಿದ್ದರೆ ಅಲೆ ಅದಕ್ಕೆ ಬಡಿದು ವಾಪಸ್ ಬರುತ್ತದೆ, ಹಿಂದಿನಿಂದ ಬರುವ ನೀರಿಗೆ ಡಿಕ್ಕಿ ಹೊಡೆದು ಕಲಕುತ್ತದೆ. ಗದ್ದೆಯ ಬಾಯಿ ತೆರೆದಿದ್ದರೆ ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತದೆ. ಕೇಬಲ್‌ನೊಳಗಿನ ಸಿಗ್ನಲ್ಲೂ ಹೀಗೇ. ತಂತಿ ಸುಮ್ಮನೆ ಮುಗಿದುಹೋದರೆ ಸಿಗ್ನಲ್ ಆ ತುದಿಗೆ ಬಡಿದು ಹಿಂದಿರುಗುತ್ತದೆ. ಒಂದು ಸಲ ಕಳಿಸಿದ ಸಂಕೇತವನ್ನು ಡ್ರೈವ್ ಎರಡು ಸಲ ಬಂದಂತೆ ಎಣಿಸಬಹುದು. ತಂತಿಯ ಸ್ವಭಾವಕ್ಕೆ ಹೊಂದುವ ರೆಸಿಸ್ಟರ್ ತುದಿಯಲ್ಲಿದ್ದರೆ ಅದು ಅಲೆಯನ್ನು ಕುಡಿದುಬಿಡುತ್ತದೆ.

ಇನ್ನೊಂದು ಕೆಲಸವೂ ಇದೆ, ಅದನ್ನು ಮರೆಯುವವರೇ ಹೆಚ್ಚು. ಹಳೆಯ ಸ್ಕಸಿಯಲ್ಲಿ ಸಾಧನಗಳು ಮುಖ್ಯವಾಗಿ ತಂತಿಯನ್ನು ಕೆಳಗೆ, ಸೊನ್ನೆ ವೋಲ್ಟಿನ ಕಡೆಗೆ, ಎಳೆಯುತ್ತವೆ. ಬಿಟ್ಟ ಮೇಲೆ ಅದನ್ನು ಮತ್ತೆ ಸುಮಾರು 2.8 ವೋಲ್ಟಿಗೆ ಎತ್ತಿ ಹಿಡಿಯುವುದು ಟರ್ಮಿನೇಟರ್. ಎಲ್ಲೂ ಟರ್ಮಿನೇಟರ್ ಇಲ್ಲದ ಸರಣಿ ಏನೂ ಮಾಡದೆ ಸುಮ್ಮನಿರುವುದು ಇದರಿಂದಲೇ.

ತುದಿ ಅಂದರೆ ಯಾವುದು

ನಿಯಮ ಒಂದೇ: ಟರ್ಮಿನೇಟರ್ ಎರಡೇ ಇರಬೇಕು, ಅವು ಕೇಬಲ್‌ನ ಎರಡು ಭೌತಿಕ ತುದಿಗಳಲ್ಲೇ ಇರಬೇಕು. ನಡುವೆ ಒಂದೂ ಇರಬಾರದು.

ಇಲ್ಲಿ ಜನ ಎಡವುವುದು ‘ಕೊನೆಯ ಸಾಧನ’ ಎಂಬ ಮಾತಿನ ಅರ್ಥದಲ್ಲಿ. ಐಡಿ ನಂಬರ್ 6 ಇರುವ ಡ್ರೈವ್ ಕೊನೆಯದಲ್ಲ, ಕೊನೆಗೆ ಸೇರಿಸಿದ ಡ್ರೈವೂ ಕೊನೆಯದಲ್ಲ. ಐಡಿಗೂ ಜಾಗಕ್ಕೂ ಸಂಬಂಧವೇ ಇಲ್ಲ. ಐಡಿ ಎಂದರೆ ಸಾಧನದ ಹೆಸರು ಮತ್ತು ಬಸ್ (ಎಲ್ಲ ಸಾಧನಗಳೂ ಹಂಚಿಕೊಳ್ಳುವ ತಂತಿಗಳ ಸಾಲು) ಹಿಡಿಯುವಾಗಿನ ಸರದಿ, ಅಷ್ಟೇ: 50 ಪಿನ್ನಿನ ಸರಣಿಯಲ್ಲಿ 0ರಿಂದ 7, ಅದರಲ್ಲಿ 7ಕ್ಕೆ ಮೊದಲ ಆದ್ಯತೆ, ಅದನ್ನು ಸಾಮಾನ್ಯವಾಗಿ ಪಿಸಿಯೊಳಗಿನ ಸ್ಕಸಿ ಕಾರ್ಡಿಗೆ ಬಿಡುತ್ತಾರೆ. ತುದಿ ಗೊತ್ತಾಗಬೇಕಾದರೆ ಪವರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬರಿ ಲೋಹವನ್ನು ಒಮ್ಮೆ ಮುಟ್ಟಿ, ಕೇಬಲ್ ಮೇಲೆ ಬೆರಳಿಟ್ಟು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸವರಿಕೊಂಡು ಹೋಗಿ. ಬೆರಳು ಎಲ್ಲಿಂದ ಹೊರಟಿತೋ ಅದು ಒಂದು ತುದಿ, ಎಲ್ಲಿ ನಿಂತಿತೋ ಅದು ಇನ್ನೊಂದು. ದಾರಿಯಲ್ಲಿ ಸಿಕ್ಕಿದ್ದೆಲ್ಲ ನಡುವಿನವು. ಇದನ್ನು ಒಂದು ಚೀಟಿಯಲ್ಲಿ ಗೆರೆ ಎಳೆದು ಬರೆದುಕೊಳ್ಳಿ. ಕಣ್ಣಳತೆಯಲ್ಲೇ ಮುಗಿಸಲು ಹೋದವರು ಎರಡೆರಡು ಸಲ ಬಿಚ್ಚಬೇಕಾಗುತ್ತದೆ.

ಒಂದು ಉದಾಹರಣೆ ನೋಡೋಣ. ಪಿಸಿಯೊಳಗೆ ಒಂದು ಸ್ಕಸಿ ಕಾರ್ಡ್, ಒಳಗಿನ ಕೇಬಲ್‌ನಲ್ಲಿ ಮೊದಲು ಸಿಡಿ ಡ್ರೈವ್, ಆಮೇಲೆ ಹಾರ್ಡ್ ಡಿಸ್ಕ್. ಹೊರಗೆ ಏನೂ ಇಲ್ಲ. ಆಗ ಕಾರ್ಡೇ ಒಂದು ತುದಿ, ಹಾರ್ಡ್ ಡಿಸ್ಕ್ ಇನ್ನೊಂದು. ಕಾರ್ಡಿನ ಟರ್ಮಿನೇಶನ್ ಆನ್, ಡಿಸ್ಕಿನದು ಆನ್, ಸಿಡಿ ಡ್ರೈವಿನದು ಆಫ್. ಈಗ ಕಾರ್ಡಿನ ಹಿಂದಿನ ಪೋರ್ಟಿಗೆ ಒಂದು ಸ್ಕ್ಯಾನರ್ ಸಿಕ್ಕಿಸಿದಿರಿ ಅನ್ನಿ. ಚಿತ್ರವೇ ಬದಲಾಯಿತು. ಹಾರ್ಡ್ ಡಿಸ್ಕಿನಿಂದ ಹೊರಟ ಬೆರಳು ಕಾರ್ಡನ್ನು ದಾಟಿ ಹೊರಗೆ ಸ್ಕ್ಯಾನರ್‌ವರೆಗೆ ಹೋಗುತ್ತದೆ. ಕಾರ್ಡ್ ಈಗ ನಡುವೆ ಬಂತು, ಅದರ ಟರ್ಮಿನೇಶನ್ ಆಫ್ ಮಾಡಿ ಸ್ಕ್ಯಾನರಿನದನ್ನು ಆನ್ ಮಾಡಬೇಕು. ಸ್ಕ್ಯಾನರ್ ತೆಗೆದಿಟ್ಟ ದಿನ ಕಾರ್ಡಿನದನ್ನು ಮತ್ತೆ ಆನ್ ಮಾಡಬೇಕು. ಅಡಾಪ್ಟೆಕ್‌ನ 2940 ಜಾತಿಯ ಕಾರ್ಡುಗಳಲ್ಲಿ ಪಿಸಿ ಶುರುವಾಗುವಾಗ ಕಂಟ್ರೋಲ್ ಮತ್ತು ‘ಎ’ ಒಟ್ಟಿಗೆ ಒತ್ತಿದರೆ ಈ ಸೆಟ್ಟಿಂಗ್ ತೆರೆದುಕೊಳ್ಳುತ್ತದೆ. ಅದರಲ್ಲಿನ ‘ಆಟೋಮ್ಯಾಟಿಕ್’ ಆಯ್ಕೆ ಸಾಮಾನ್ಯವಾಗಿ ಸರಿಯಾಗಿ ನಡೆಯುತ್ತದೆ. ಆದರೆ ದೋಷ ಹುಡುಕುವಾಗ ನಂಬಿ ಕೂರಬೇಡಿ, ಕೈಯಾರೆ ಆನ್ ಅಥವಾ ಆಫ್ ಇಟ್ಟುಬಿಡಿ.

ಕೇಬಲ್‌ನಲ್ಲಿ ಕನೆಕ್ಟರ್‌ಗಳು ಹೆಚ್ಚಿದ್ದರೆ ನಡುವಿನದನ್ನು ಖಾಲಿ ಬಿಡಬಹುದು, ಕೊನೆಯದನ್ನು ಎಂದೂ ಖಾಲಿ ಬಿಡಬಾರದು. ಕೊನೆಯ ಡ್ರೈವಿನಾಚೆ ಒಂದು ಗೇಣು ಕೇಬಲ್ ನೇತಾಡುತ್ತಿದ್ದರೆ ಟರ್ಮಿನೇಟರ್ ತುದಿಯಲ್ಲಿಲ್ಲ ಎಂದೇ ಅರ್ಥ. ಕವಲೊಡೆದ ಕೇಬಲ್ಲೂ ಸಲ್ಲದು. ಮುಖ್ಯ ಸಾಲಿನಿಂದ ಸಾಧನದೊಳಕ್ಕೆ ಹೋಗುವ ಕವಲು 10 ಸೆಂಟಿಮೀಟರ್ ಮೀರಬಾರದು.

ಡ್ರೈವಿನ ಮೇಲೆ ಅದು ಹೇಗಿರುತ್ತದೆ

ಹಳೆಯ ಡ್ರೈವ್ ತಿರುಗಿಸಿ ಅದರ ಸರ್ಕ್ಯೂಟ್ ಬೋರ್ಡ್ ನೋಡಿ. 50 ಪಿನ್ನಿನ ಕನೆಕ್ಟರ್ ಪಕ್ಕದಲ್ಲೇ ಬಾಚಣಿಗೆಯಂಥ ಮೂರು ತುಂಡುಗಳು ಸಾಕೆಟ್‌ನಲ್ಲಿ ನಿಂತಿರುತ್ತವೆ, ಒಂದೊಂದಕ್ಕೂ 8 ಕಾಲು. ಅವೇ ರೆಸಿಸ್ಟರ್ ಪ್ಯಾಕ್. ಲೆಕ್ಕ ಚೊಕ್ಕವಾಗಿದೆ: ಪ್ರತಿ ಪ್ಯಾಕಿನಲ್ಲಿ ಒಂದು ಕಾಲು ಪವರ್‌ಗೆ, ಒಂದು ಗ್ರೌಂಡ್‌ಗೆ, ಉಳಿದ 6 ಸಿಗ್ನಲ್‌ಗೆ. ಮೂರು ಸೇರಿ 18. ಈ ಬಸ್ಸಿನಲ್ಲಿರುವ ಸಿಗ್ನಲ್‌ಗಳೂ 18: ಪ್ಯಾರಿಟಿ (ತಪ್ಪು ಪತ್ತೆಹಚ್ಚುವ ತಂತಿ) ಸೇರಿ ಡೇಟಾದ್ದು 9, ನಿಯಂತ್ರಣದ್ದು 9. ಹಾಗಾಗಿ ಎರಡು ಪ್ಯಾಕ್ ಇದ್ದು ಒಂದು ಕಾಣೆಯಾಗಿದ್ದರೆ 6 ತಂತಿಗಳು ಟರ್ಮಿನೇಶನ್ ಇಲ್ಲದೆ ಉಳಿದಿವೆ ಎಂದು ತಿಳಿಯಿರಿ. ಇದ್ದರೆ ಮೂರೂ ಇರಬೇಕು, ಇಲ್ಲವಾದರೆ ಮೂರೂ ಇರಬಾರದು.

ತೆಗೆಯುವಾಗ ಸಣ್ಣ ಸ್ಕ್ರೂಡ್ರೈವರ್ ತುದಿಯನ್ನು ಪ್ಯಾಕಿನ ಅಡಿಗೆ ಕೊಟ್ಟು ಒಂದು ಕಡೆ ಚೂರು, ಇನ್ನೊಂದು ಕಡೆ ಚೂರು ಎತ್ತುತ್ತಾ ಬನ್ನಿ. ಒಂದೇ ಕಡೆ ಮೀಟಿದರೆ ಕಾಲು ಸೊಟ್ಟಗಾಗುತ್ತದೆ, ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ. ಪ್ಯಾಕಿನ ಒಂದು ತುದಿಯಲ್ಲಿ ಚುಕ್ಕೆ ಇರುತ್ತದೆ, ಅದು 1ನೇ ಕಾಲು. ಬೋರ್ಡಿನ ಮೇಲೂ 1ನೇ ಪಿನ್ನಿನ ಗುರುತಿರುತ್ತದೆ, ಎಷ್ಟೋ ಕಡೆ ಆ ಪ್ಯಾಡ್ ಚೌಕಾಕಾರ. ತೆಗೆಯುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ತಿರುಗಾ ಮುರುಗಾ ಹಾಕಿದರೂ ಪ್ಯಾಕ್ ಸಾಕೆಟ್ಟಿಗೆ ಹೋಗಿ ಕೂರುತ್ತದೆ, ತೊಂದರೆ ಆಗುವುದು ಅಲ್ಲೇ. ಸರಿಯಾಗಿ ಕೂತಾಗ ಪ್ರತಿ ಸಿಗ್ನಲ್‌ನಿಂದ ಪವರ್‌ಗೆ 220 ಓಮ್, ಗ್ರೌಂಡ್‌ಗೆ 330 ಓಮ್. ಉಲ್ಟಾ ಆದಾಗ ಎರಡೂ ಅದಲು ಬದಲಾಗಿ, ಸುಮ್ಮನಿರುವ ತಂತಿಯ ವೋಲ್ಟೇಜ್ 2.8ರಿಂದ 1.9ರ ಆಸುಪಾಸಿಗೆ ಇಳಿಯುತ್ತದೆ. ‘ಮೇಲೆ ಇದೆ’ ಎಂದು ಗುರುತಿಸಲು ಕನಿಷ್ಠ 2.0 ವೋಲ್ಟ್ ಬೇಕು. ಅಂಚಿನಲ್ಲಿ ಜೋತಾಡುವ ಈ ಸ್ಥಿತಿಯಲ್ಲಿ ಬೆಳಗ್ಗೆ ನಡೆದದ್ದು ಮಧ್ಯಾಹ್ನ ನಿಲ್ಲುತ್ತದೆ.

ನಂತರ ಬಂದ ಡ್ರೈವ್‌ಗಳಲ್ಲಿ ಪ್ಯಾಕ್ ಬದಲು ಒಂದು ಜಂಪರ್ (ಎರಡು ಪಿನ್ನುಗಳನ್ನು ಸೇರಿಸುವ ಪುಟ್ಟ ಟೋಪಿ) ಇರುತ್ತದೆ. ಸೀಗೇಟ್ ಡ್ರೈವ್‌ಗಳಲ್ಲಿ ಅದರ ಪಕ್ಕ ‘ಟಿಇ’ ಎಂದಿರುತ್ತದೆ, ಜಂಪರ್ ಹಾಕಿದರೆ ಆನ್. ಐಡಿ ಜಂಪರ್‌ಗಳನ್ನೂ ಇದೇ ಹೊತ್ತಿಗೆ ನೋಡಿಬಿಡಿ: ಅವುಗಳ ಬೆಲೆ 1, 2, 4, ವೈಡ್ (68 ಪಿನ್ನಿನ ಬಗೆ) ಆದರೆ 8 ಕೂಡ. 5 ಬೇಕಾದರೆ 4 ಮತ್ತು 1ಕ್ಕೆ ಜಂಪರ್ ಹಾಕಿ. ಎರಡು ಸಾಧನಗಳಿಗೆ ಒಂದೇ ಐಡಿ ಇದ್ದರೆ ಯಾವ ಟರ್ಮಿನೇಟರೂ ಕಾಪಾಡುವುದಿಲ್ಲ. ಒಂದೇ ಡಿಸ್ಕ್ ಎಲ್ಲ ಐಡಿಗಳಲ್ಲೂ ಸಾಲಾಗಿ ಕಂಡರೆ ಅದರ ಐಡಿ ಕಾರ್ಡಿನ ಐಡಿಗೆ ಡಿಕ್ಕಿ ಹೊಡೆಯುತ್ತಿದೆ, ಟರ್ಮಿನೇಶನ್ ಮುಟ್ಟಲು ಹೋಗಬೇಡಿ.

ಹೊರಗಿನ ಸಾಧನಗಳಲ್ಲಿ ಕೆಲವಕ್ಕೆ ಸ್ವಿಚ್ ಇರುತ್ತದೆ. ಸ್ಕಸಿ ಜಿಪ್ ಡ್ರೈವ್‌ಗೆ ಟರ್ಮಿನೇಶನ್ ಸ್ವಿಚ್ಚೂ ಐಡಿ ಸ್ವಿಚ್ಚೂ ಇವೆ, ಐಡಿ 5 ಅಥವಾ 6 ಮಾತ್ರ. ಕೆಲವು ಸ್ಕ್ಯಾನರ್‌ಗಳಲ್ಲಿ ಟರ್ಮಿನೇಶನ್ ಒಳಗೇ ಕಾಯಂ ಆಗಿರುತ್ತದೆ, ಅಂಥದ್ದನ್ನು ತುದಿಯಲ್ಲೇ ಇಡಬೇಕು, ಹೊರಗಿನ ಒಂದು ಸಾಲಿನಲ್ಲಿ ಅಂಥ ಎರಡನ್ನು ಸೇರಿಸುವಂತಿಲ್ಲ.

ಪ್ಯಾಸಿವ್, ಆಕ್ಟಿವ್

ಈ 220/330 ಜೋಡಿಯೇ ಪ್ಯಾಸಿವ್. ಸೆಕೆಂಡಿಗೆ 5 ಮೆಗಾಬೈಟ್‌ನ ಹಳೇ ವೇಗಕ್ಕೆ ಇದು ಸಾಕು. ಪವರ್ ಏರಿಳಿದರೆ ತಂತಿಯ ವೋಲ್ಟೇಜೂ ಏರಿಳಿಯುವುದು ಇದರ ಕೊರತೆ. ಆಕ್ಟಿವ್ ಟರ್ಮಿನೇಟರ್ ಒಳಗೆ ರೆಗ್ಯುಲೇಟರ್ ಇದ್ದು 2.85 ವೋಲ್ಟನ್ನು ಅಲುಗದಂತೆ ಹಿಡಿದು, ಪ್ರತಿ ತಂತಿಗೆ 110 ಓಮ್ ಮೂಲಕ ಕೊಡುತ್ತದೆ. ಅದಕ್ಕಿಂತ ಹೆಚ್ಚಿನ ಫಾಸ್ಟ್, ಅಲ್ಟ್ರಾ ಎಂಬ ವೇಗಗಳಿಗೆ ಆಕ್ಟಿವ್ ಹಾಕಿ. ಯಾವುದನ್ನು ಹಾಕಲಿ ಎಂಬ ಅನುಮಾನವಿದ್ದರೂ ಆಕ್ಟಿವ್ ಹಾಕಿ, ಹಳೇ ಡ್ರೈವ್‌ಗೂ ಅದರಿಂದ ಒಳ್ಳೆಯದೇ.

ಇವತ್ತು ಮೈಸೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಹೊಸ ಸ್ಕಸಿ ಟರ್ಮಿನೇಟರ್ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರಿನ ಎಸ್.ಪಿ. ರೋಡ್‌ನ ಹಳೇ ಸಾಮಾನಿನ ರಾಶಿಯಲ್ಲಿ ಹುಡುಕಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ಅದೂ ಆಗದಿದ್ದರೆ 50 ಪಿನ್ನಿಗೆ ಪ್ಯಾಸಿವ್ ಒಂದನ್ನು ಕೈಯಲ್ಲೇ ಕಟ್ಟಬಹುದು: 220 ಓಮ್‌ನ 18, 330 ಓಮ್‌ನ 18 ರೆಸಿಸ್ಟರ್ (ಕಾಲು ವ್ಯಾಟ್, 1 ಪರ್ಸೆಂಟಿನ ಮೆಟಲ್ ಫಿಲ್ಮ್), ಒಂದು 50 ಪಿನ್ ಹೆಡರ್, ಪವರ್ ಮತ್ತು ಗ್ರೌಂಡ್ ನಡುವೆ 2.2 ಮೈಕ್ರೋಫ್ಯಾರಡ್ ಕೆಪಾಸಿಟರ್. ರೆಸಿಸ್ಟರಿನ ಕಾಲುಗಳನ್ನು ಆದಷ್ಟು ಗಿಡ್ಡ ಕತ್ತರಿಸಿ. ನಿಧಾನದ ಹಳೇ ಡ್ರೈವಿನಿಂದ ಕಡತ ತೆಗೆಯುವ ಕೆಲಸಕ್ಕೆ ಇದು ಸಾಲುತ್ತದೆ, ಅಲ್ಟ್ರಾ ವೇಗಕ್ಕೆ ಬೇಡ.

ಟರ್ಮಿನೇಟರ್‌ಗೂ ಅನ್ನ ಬೇಕು

ಎರಡೂ ತುದಿಯಲ್ಲಿ ಟರ್ಮಿನೇಟರ್ ಇದ್ದೂ ಸರಣಿ ಏಳದಿದ್ದರೆ ಮೊದಲು ಅನುಮಾನಿಸಬೇಕಾದ್ದು ಟರ್ಮ್‌ಪವರ್ ಎಂಬ ತಂತಿಯನ್ನು. 50 ಪಿನ್ನಿನ ಕೇಬಲ್‌ನಲ್ಲಿ ಅದು 26ನೇ ಪಿನ್. 68 ಪಿನ್ನಿನದರಲ್ಲಿ 17, 18, 51, 52. ಸಾಮಾನ್ಯವಾಗಿ ಕಾರ್ಡ್ ಒಂದು ಫ್ಯೂಸ್ ಮತ್ತು ಡಯೋಡ್ ಮೂಲಕ 5 ವೋಲ್ಟನ್ನು ಇದಕ್ಕೆ ಕೊಡುತ್ತದೆ. ಡಯೋಡಿನಲ್ಲಿ ಸ್ವಲ್ಪ ಸೋರಿ ಕೇಬಲ್ ಮೇಲೆ 4.6ರಿಂದ 4.7 ಕಾಣುತ್ತದೆ. 4.25ರಿಂದ 5.25ರೊಳಗೆ ಇರಬೇಕು. ಮಷಿನ್ ಆನ್ ಮಾಡಿ, ಕಪ್ಪು ಪ್ರೋಬ್ ಕ್ಯಾಬಿನೆಟ್ಟಿಗೆ, ಕೆಂಪು ಪ್ರೋಬ್ 26ಕ್ಕೆ ತಾಗಿಸಿ, ಕೇಬಲ್‌ನ ದೂರದ ತುದಿಯ ಹತ್ತಿರ ನೋಡಿ. ಸೊನ್ನೆ ಬಂದರೆ ಕಾರ್ಡಿನ ಫ್ಯೂಸ್ ಹೋಗಿದೆ, ಇಲ್ಲವೇ ಯಾರೂ ಪವರ್ ಕೊಡುತ್ತಿಲ್ಲ. ಮ್ಯಾಕಿಂಟಾಷ್ ಪ್ಲಸ್ ತನ್ನ ಸ್ಕಸಿ ಪೋರ್ಟಿನಲ್ಲಿ ಟರ್ಮ್‌ಪವರ್ ಕೊಡುವುದೇ ಇಲ್ಲ, ಅದನ್ನು ಸಾಧನವೇ ಕೊಡಬೇಕು. ಡ್ರೈವ್‌ಗಳಲ್ಲಿ ‘ಟಿಪಿ’ ಗುರುತಿನ ಜಂಪರ್ ಇರುವುದು ಇದಕ್ಕೇ.

ಪ್ರೋಬ್ ಜಾರಿ ಪಕ್ಕದ ಗ್ರೌಂಡ್ ಪಿನ್ನಿಗೆ ತಗುಲಿದರೆ ಆ ಫ್ಯೂಸೇ ಹೋಗುತ್ತದೆ, ಕೈ ನಡುಗಿಸಬೇಡಿ. ಕೇಬಲ್ ಉಲ್ಟಾ ಸಿಕ್ಕಿಸಿದರೆ 26ಕ್ಕೆ ಎದುರಾಗುವುದು 25. ಅದನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ, ಶಾರ್ಟ್ ಆಗದಿರಲಿ ಎಂದು. ಹಾಗಂತ ಉಲ್ಟಾ ಹಾಕಿದರೆ ಕೆಲಸ ನಡೆಯುವುದಿಲ್ಲ. ಕೆಂಪು ಗೀಟಿನ ಅಂಚು ಎಲ್ಲ ಕಡೆ 1ನೇ ಪಿನ್ನಿಗೇ ಬರಬೇಕು.

ಒಳಗಿನ ಟರ್ಮಿನೇಟರ್‌ಗೆ ಕೆಲವು ಡ್ರೈವ್‌ಗಳು ತಮ್ಮ ಸ್ವಂತ ಪವರ್ ಕೊಡುತ್ತವೆ. ಅಂಥದ್ದು ಹೊರಗಿನ ಪೆಟ್ಟಿಗೆಯಲ್ಲಿದ್ದು ಅದರ ಸ್ವಿಚ್ ಆಫ್ ಆಗಿದ್ದರೆ ಆ ತುದಿಯೇ ಇಲ್ಲವಾಗುತ್ತದೆ. ಪಿಸಿಗಿಂತ ಮೊದಲು ಹೊರಗಿನ ಸಾಧನ ಆನ್ ಮಾಡುವುದು ರೂಢಿಯಾಗಲಿ.

ಮೀಟರಿನಲ್ಲಿ ಎಣಿಸುವುದು

ಕಣ್ಣಿಗೆ ಕಾಣದ ಟರ್ಮಿನೇಟರ್ ಎಷ್ಟಿವೆ ಎಂದು ತಿಳಿಯಲು ಒಂದು ನೇರ ದಾರಿ ಇದೆ. ಇದು ಎಲ್ಲವೂ ಪ್ಯಾಸಿವ್ ಆಗಿದ್ದಾಗ ಮಾತ್ರ. ಎಲ್ಲದರ ಪವರ್ ತೆಗೆದು, ಕೇಬಲ್ ಹಾಗೇ ಬಿಟ್ಟು, ಮೀಟರನ್ನು ಓಮ್‌ಗೆ ಇಟ್ಟು 26ನೇ ಪಿನ್ ಮತ್ತು 2ನೇ ಪಿನ್ ನಡುವೆ ಅಳೆಯಿರಿ. 2ನೇದು ಡೇಟಾದ ಮೊದಲ ತಂತಿ. 135 ಓಮ್ ಹತ್ತಿರ ಬಂದರೆ ಒಂದೇ ಟರ್ಮಿನೇಟರ್ ಇದೆ. 67ರ ಹತ್ತಿರ ಬಂದರೆ ಎರಡು, ಅದೇ ಬೇಕಾದ್ದು. 45 ಬಂದರೆ ಮೂರು, ನಡುವೆ ಎಲ್ಲೋ ಒಂದನ್ನು ತೆಗೆಯಲು ಮರೆತಿದ್ದೀರಿ. ಇದನ್ನೇ 40ನೇ ಪಿನ್ನಿನ ಮೇಲೂ (ಅದು ರೀಸೆಟ್ ತಂತಿ) ಮಾಡಿ. ಎರಡರ ಅಳತೆ ಬೇರೆ ಬೇರೆ ಬಂದರೆ ಒಂದು ಪ್ಯಾಕ್ ಕಾಣೆಯಾಗಿದೆ ಅಥವಾ ಸರಿಯಾಗಿ ಕೂತಿಲ್ಲ. ಆಕ್ಟಿವ್ ಟರ್ಮಿನೇಟರ್‌ಗೆ ಈ ಲೆಕ್ಕ ನಡೆಯದು. ಅಲ್ಲಿ ಪವರ್ ಕೊಟ್ಟು, ಬಸ್ ಸುಮ್ಮನಿರುವಾಗ ಸಿಗ್ನಲ್ ಪಿನ್ನಿನಲ್ಲಿ 2.85ರ ಆಸುಪಾಸು ಇದೆಯೇ ನೋಡಬೇಕು.

ಮೂರು ಇದ್ದರೆ ಏನಾಗುತ್ತದೆ, ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ತಂತಿಯನ್ನು ಕೆಳಗೆಳೆಯುವ ಚಿಪ್ಪಿಗೆ ಗೊತ್ತುಮಾಡಿದ ಹೊರೆ 48 ಮಿಲಿಆಂಪಿಯರ್. ಒಂದು ಪ್ಯಾಸಿವ್ ಟರ್ಮಿನೇಟರ್ ಸುಮಾರು 19 ಕೇಳುತ್ತದೆ. ಎರಡಕ್ಕೆ 38, ಆಗಬಹುದು. ಮೂರಕ್ಕೆ 57. ತಂತಿ ಪೂರ್ತಿ ಕೆಳಗೆ ಬರುವುದಿಲ್ಲ, ಚಿಪ್ ಬಿಸಿಯಾಗುತ್ತದೆ, ದಿನ ಕಳೆದಂತೆ ಕೆಟ್ಟೂ ಹೋಗಬಹುದು. ಡ್ರೈವಿನೊಳಗೆ ಕಡತಗಳಿರುವಾಗ ಈ ಅಪಾಯ ಯಾಕೆ ಬೇಕು?

68 ಪಿನ್ ಮತ್ತು ಎಲ್‌ವಿಡಿ

ವೈಡ್ ಕೇಬಲ್‌ನಲ್ಲಿ ಹೆಚ್ಚುವರಿ 8 ಡೇಟಾ ತಂತಿ, 1 ಪ್ಯಾರಿಟಿ ಇರುತ್ತವೆ. ಅದರ ತುದಿಗೆ 68ರಿಂದ 50ಕ್ಕೆ ಇಳಿಸುವ ಅಡಾಪ್ಟರ್ ಹಾಕಿ ಹಳೇ ಡ್ರೈವ್ ಸಿಕ್ಕಿಸಿದರೆ, ಡ್ರೈವ್ ತನ್ನ 18 ತಂತಿಗಳನ್ನು ಮಾತ್ರ ಮುಗಿಸುತ್ತದೆ, ಉಳಿದ 9 ಅನಾಥ. ಮೇಲಿನ ಬೈಟ್‌ಗೆ (ಆ 9 ತಂತಿಗಳಿಗೆ) ಟರ್ಮಿನೇಶನ್ ಇರುವ ಅಡಾಪ್ಟರ್ ಕೇಳಿ ತನ್ನಿ. ಇನ್ನೂ ಸುಲಭದ್ದು: ತುದಿಯಲ್ಲಿ ವೈಡ್ ಟರ್ಮಿನೇಟರ್ ಇಟ್ಟು, ಹಳೇ ಡ್ರೈವನ್ನು ಟರ್ಮಿನೇಶನ್ ಆಫ್ ಮಾಡಿ ಬರಿ ಅಡಾಪ್ಟರ್‌ನೊಂದಿಗೆ ನಡುವೆ ಹಾಕುವುದು. ಕಾರ್ಡಿನಲ್ಲಿ ಒಳಗಿನ 50, ಒಳಗಿನ 68 ಎರಡೂ ಬಳಸಿದ್ದರೆ ಕಾರ್ಡ್ ಕೆಳಗಿನ ಬೈಟಿಗೆ ನಡುವೆ ಇದೆ, ಮೇಲಿನ ಬೈಟಿಗೆ ತುದಿಯಲ್ಲಿದೆ. ಸೆಟ್ಟಿಂಗ್‌ನಲ್ಲಿ ‘ಲೋ ಆಫ್, ಹೈ ಆನ್’ ಎಂದಿಡಬೇಕು. ಒಂದೇ ಬಸ್ಸಿನ ಮೂರು ಕನೆಕ್ಟರ್ ಇದ್ದರೆ ಒಮ್ಮೆಗೆ ಎರಡನ್ನು ಮಾತ್ರ ಬಳಸಿ.

ಅಲ್ಟ್ರಾ-2 ಮತ್ತು ಅದರ ನಂತರದ ಎಲ್‌ವಿಡಿ (ಪ್ರತಿ ಸಿಗ್ನಲ್ಲನ್ನು ಕಡಿಮೆ ವೋಲ್ಟಿನಲ್ಲಿ ಜೋಡಿ ತಂತಿಯ ಮೇಲೆ ಕಳಿಸುವ ಬಗೆ) ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಒಳ ಟರ್ಮಿನೇಟರೇ ಇಲ್ಲ. 80 ಪಿನ್ನಿನ ಸರ್ವರ್ ಡ್ರೈವ್‌ಗೂ ಹಾಗೇ. ಕೇಬಲ್‌ನ ಕೊನೆಯಲ್ಲಿ ಎಲ್‌ವಿಡಿ ಎಂದು ಬರೆದ ಪ್ರತ್ಯೇಕ ಟರ್ಮಿನೇಟರ್ ಬೇಕು, ಹಳೇ ಬಗೆಯದು ಆಗದು. ಇಂಥ ಸರಣಿಗೆ ಒಂದೇ ಒಂದು ಹಳೇ ಸಿಂಗಲ್ ಎಂಡೆಡ್ (ಸಿಗ್ನಲ್‌ಗೆ ಒಂದೇ ತಂತಿಯ) ಸಾಧನ ಸೇರಿಸಿದರೂ ಇಡೀ ಸರಣಿ ಆ ಮಟ್ಟಕ್ಕೆ ಇಳಿಯುತ್ತದೆ, ಸೆಕೆಂಡಿಗೆ 160 ಮೆಗಾಬೈಟ್ ವೇಗದ ಡ್ರೈವ್ 40ಕ್ಕೆ ನಿಲ್ಲುತ್ತದೆ. ಎಚ್‌ವಿಡಿ ಎಂಬ ಇನ್ನೊಂದು ಜಾತಿ ಇದೆ, ಕನೆಕ್ಟರ್ ಒಂದೇ ಥರ ಕಂಡರೂ ಇವೆರಡರ ಜೊತೆಗೂ ಸೇರಿಸಬಾರದು, ಚಿಪ್ಪುಗಳು ಸುಡಬಹುದು. ಡ್ರೈವಿನ ಲೇಬಲ್ ಓದಿದ ಮೇಲೆಯೇ ಸಿಕ್ಕಿಸಿ.

ಉದ್ದದ ಮಿತಿಯನ್ನು ಒಳಗಿನದು, ಹೊರಗಿನದು ಕೂಡಿಸಿ ಅಳೆಯಬೇಕು. ಹಳೇ 5 ಮೆಗಾಹರ್ಟ್ಸ್‌ಗೆ 6 ಮೀಟರ್, ಫಾಸ್ಟ್‌ಗೆ 3 ಮೀಟರ್. ಅಲ್ಟ್ರಾಗೆ 4 ಸಾಧನದವರೆಗೆ 3 ಮೀಟರ್, ಅದಕ್ಕಿಂತ ಹೆಚ್ಚಿದ್ದರೆ ಒಂದೂವರೆ. ಎಲ್‌ವಿಡಿಗೆ 12 ಮೀಟರ್.

ಎಲ್ಲ ಸರಿ ಇದ್ದೂ ತಪ್ಪುಗಳು ಬರುತ್ತಿದ್ದರೆ

ಕಾರ್ಡ್, ಒಂದು ಡ್ರೈವ್, ಎರಡು ಟರ್ಮಿನೇಟರ್: ಇಷ್ಟಕ್ಕೆ ಇಳಿಸಿ. ಕಾರ್ಡಿನ ಸೆಟ್ಟಿಂಗ್‌ನಲ್ಲಿ ವೇಗವನ್ನು ಸೆಕೆಂಡಿಗೆ 5 ಅಥವಾ 10 ಮೆಗಾಬೈಟ್‌ಗೆ ಇಳಿಸಿ. ನಿಧಾನದಲ್ಲಿ ನಡೆದು ವೇಗದಲ್ಲಿ ನಿಂತರೆ ದೋಷ ಕೇಬಲ್ ಅಥವಾ ಟರ್ಮಿನೇಶನ್‌ನಲ್ಲಿದೆ, ಡಿಸ್ಕಿನಲ್ಲಲ್ಲ ಎನ್ನಲು ಇದು ಒಳ್ಳೆಯ ಗುರುತು. ಎರಡು ವೇಗದಲ್ಲೂ ಅದೇ ಜಾಗದಲ್ಲಿ ಓದುವ ದೋಷ ಬಂದರೆ ಡಿಸ್ಕಿನ ಮೇಲೆಯೇ ಕೆಟ್ಟ ಜಾಗವಿದೆ. ಅಟ್ಟದಲ್ಲಿ ಹಲವು ಮಳೆಗಾಲ ಕಳೆದ ಕನೆಕ್ಟರ್‌ಗಳ ಪಿನ್ ಮಂಕಾಗಿರುತ್ತವೆ, ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಬ್ರಷ್‌ನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಸಿಕ್ಕಿಸಿ.

ಹೊರಗಿನ ಸ್ಕ್ಯಾನರ್ ಅಥವಾ ಡ್ರೈವ್ ಪೆಟ್ಟಿಗೆಯನ್ನು ಪಿಸಿ ಇರುವ ಅದೇ ಬೋರ್ಡಿನ ಸಾಕೆಟ್ಟಿಗೆ ಹಾಕಿ. ಹಳೇ ಮನೆಗಳಲ್ಲಿ ಒಂದು ಕೋಣೆಗೆ ಅರ್ತಿಂಗ್ ಇದ್ದು ಪಕ್ಕದ್ದಕ್ಕೆ ಇಲ್ಲದಿರುವುದುಂಟು. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿದಾಗ ಎರಡು ಪೆಟ್ಟಿಗೆಗಳ ನಡುವಿನ ವ್ಯತ್ಯಾಸವೆಲ್ಲ ಸ್ಕಸಿ ಕೇಬಲ್‌ನ ಗ್ರೌಂಡ್ ತಂತಿಯಲ್ಲೇ ಹರಿಯುತ್ತದೆ. ಗುಂಡಿಗೆ ನೀರು ಹಾಕಿಸಿ, ಪರೀಕ್ಷೆ ಮಾಡಿಸಿ.

ಡ್ರೈವ್ ಸ್ಥಿರವಾಗಿ ಕಂಡ ಕೂಡಲೇ ಕಡತ ತೆರೆಯಲು ಹೋಗಬೇಡಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಬಳಸಿ ಮೊದಲು ಇಡೀ ಡಿಸ್ಕಿನ ನಕಲು ತೆಗೆಯಿರಿ, ಆಮೇಲೆ ಆ ನಕಲಿನಿಂದ ಕಡತಗಳನ್ನು ಹುಡುಕಿ. ನಕಲು ಮುಗಿದ ಮೇಲೆ ಡ್ರೈವಿನ ಮೇಲೆ ಒಂದು ಚೀಟಿ ಅಂಟಿಸಿ ಐಡಿ ಎಷ್ಟು, ಟರ್ಮಿನೇಶನ್ ಆನ್ ಇದೆಯೋ ಆಫ್ ಇದೆಯೋ ಬರೆಯಿರಿ. ತೆಗೆದ ಮೂರು ರೆಸಿಸ್ಟರ್ ಪ್ಯಾಕನ್ನು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಅದೇ ಡ್ರೈವಿಗೆ ಟೇಪ್ ಹಚ್ಚಿ ಇಡಿ.